ಮೊನ್ನೆಯ ಬಟಾಣಿ

ನನ್ನ ನಾದಿನಿ ಬಸ್ ಕಂಡಕ್ಟರ್. ದಿನಕ್ಕೆ ಎಂಟು ಗಂಟೆ ನಿಂತ ಕಾಲಲ್ಲೇ ಕೂಗುವವಳು, ಬಾಗಿಲಲ್ಲಿ ನೇತಾಡುವ ಕಾಲೇಜು ಹುಡುಗರನ್ನು ಒಂದೇ ನೋಟಕ್ಕೆ ಒಳಗೆ ತಳ್ಳುವವಳು. ಅಂಥವಳು ಊಟದ ತಟ್ಟೆಯ ಮುಂದೆ ಕೂತರೆ ಮಾತ್ರ ತಪ್ಪು ಮಾಡಿದವಳಂತೆ ತಲೆ ತಗ್ಗಿಸುತ್ತಿದ್ದಳು. ಬಾಯಿಗಿಟ್ಟ ತುತ್ತು ಎದೆಯ ನಡುವೆ ನಿಂತುಬಿಡುತ್ತಿತ್ತು. ಅದನ್ನು ಇಳಿಸಲು ಎದ್ದು ನಿಲ್ಲಬೇಕು, ಕೈ ಮೇಲೆತ್ತಿ ಮೈ ಹಿಗ್ಗಿಸಬೇಕು, ಎರಡು ಲೋಟ ನೀರು ಕುಡಿದು ನಿಂತಲ್ಲೇ ಕುಪ್ಪಳಿಸಬೇಕು. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎಂದು ನಾವೆಲ್ಲ ಗಾದೆ ಹೇಳಿ ಮುಂದಿನ ಮಾತಿಗೆ ಹೋಗುತ್ತೇವೆ. ಅವಳಿಗೆ ನಾಲ್ಕು ವರ್ಷ ಪ್ರತಿಯೊಂದು ಊಟವೂ ಆ ತುಪ್ಪವೇ ಆಗಿತ್ತು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು. ತನ್ನ ಕೈಯಡುಗೆ ಮಗಳಿಗೆ ಹಿಡಿಸುತ್ತಿಲ್ಲ ಎಂದು ನಮ್ಮ ಅತ್ತೆಗೆ ಮುನಿಸು. ಅವಸರದಲ್ಲಿ ತಿಂದು ಓಡುವ ಕೆಲಸದ್ದೇ ತಪ್ಪು ಎಂದು ನನ್ನ ಗಂಡ. ಒಬ್ಬ ಡಾಕ್ಟರು ಗ್ಯಾಸ್ ಎಂದರು, ಇನ್ನೊಬ್ಬರು ಮನಸ್ಸಿನ ಕಾಯಿಲೆ ಎಂದರು, ಮೂರನೆಯವರು ಮದುವೆ ಮಾಡಿ ಎಂದರು. ಅರವತ್ತೊಂದು ಕೆಜಿ ಇದ್ದವಳು ನಲವತ್ತಮೂರಕ್ಕೆ ಇಳಿದಳು. ಸಮವಸ್ತ್ರದ ಪ್ಯಾಂಟಿಗೆ ಮೂರು ಸಲ ಹೊಲಿಗೆ ಹಾಕಿಕೊಟ್ಟೆ. ಮೂರನೆಯ ಸಲ ಅವಳು, ಅತ್ತಿಗೆ, ಇನ್ನೊಂದ್ಸಲ ಕಿರಿದು ಮಾಡಿದ್ರೆ ಎರಡು ಜೇಬೂ ಒಂದೇ ಆಗುತ್ತೆ ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಕೊನೆಗೆ ನಾನೇ ಕೈ ಹಿಡಿದು ನಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಮ್ಮ ಆಸ್ಪತ್ರೆ ಎಂದರೆ ನಾನು ಡಾಕ್ಟರಲ್ಲ. ಇಪ್ಪತ್ತಾರು ವರ್ಷದಿಂದ ಅಲ್ಲಿಯ ಅಡುಗೆಮನೆ ನೋಡಿಕೊಳ್ಳುತ್ತಿದ್ದೇನೆ. ಎಲ್ಲರಿಗೂ ಸೌಟಕ್ಕ. ಯಾವ ಹಾಸಿಗೆಗೆ ಉಪ್ಪಿಲ್ಲದ ಊಟ, ಯಾವುದಕ್ಕೆ ಸಕ್ಕರೆ ಬೇಡ, ಯಾರಿಗೆ ಬರೀ ಸೋಸಿದ ಸೂಪು, ಇದೆಲ್ಲ ವಾರ್ಡಿನಿಂದ ಚೀಟಿಯಲ್ಲಿ ಬರುತ್ತದೆ, ಟ್ರೇ ಆಗಿ ಹೋಗುತ್ತದೆ.

ಅಲ್ಲಿ ಒಬ್ಬಳು ಎಳೆಯ ಡಾಕ್ಟರು ಇದ್ದಳು. ಯಾವಾಗ ನೋಡಿದರೂ ಕೈಯಲ್ಲಿ ಗೆರೆ ಎಳೆದ ಹಾಳೆ, ಅದಕ್ಕೇ ಅವಳಿಗೆ ಪಟ್ಟಿ ಡಾಕ್ಟರು ಎಂದು ಹೆಸರು. ಅವಳು ನಾದಿನಿಗೆ ಸುಣ್ಣದ ತಿಳಿಯಂಥ ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೆಸಿದಳು. ಚಿತ್ರದಲ್ಲಿ ಅನ್ನನಾಳ ಮೇಲೆ ಚೀಲದ ಹಾಗೆ ಉಬ್ಬಿತ್ತು, ಕೆಳಗೆ ಹಕ್ಕಿಯ ಕೊಕ್ಕಿನ ಹಾಗೆ ಚೂಪಾಗಿತ್ತು. ಹೊಟ್ಟೆಯ ಬಾಯಲ್ಲಿ ಒಂದು ಬಿಗಿ ಇರುತ್ತದಂತೆ. ನುಂಗಿದಾಗ ಅದು ಸಡಿಲವಾಗಬೇಕು. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೆ ಅದು ಸಡಿಲವಾಗುವುದನ್ನೇ ಬಿಟ್ಟುಬಿಡುತ್ತದಂತೆ. ಔಷಧಿಯಿಂದ ಹೆಚ್ಚು ಉಪಯೋಗವಿಲ್ಲ. ಹೊಟ್ಟೆಯಲ್ಲಿ ಐದು ಸಣ್ಣ ತೂತು ಮಾಡಿ, ಆ ಬಿಗಿಯ ಸ್ನಾಯುವನ್ನು ಮಾತ್ರ ಸೀಳಿ, ಒಳಗಿನ ತೆಳು ಪೊರೆಗೆ ಗಾಯವಾಗದಂತೆ ಬಿಡಬೇಕು.

ಕಾಯಿಲೆಗೆ ಒಂದು ಹೆಸರು ಸಿಕ್ಕ ದಿನ ನಾದಿನಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಹಾಗಾದ್ರೆ ನಾನು ನಾಟಕ ಆಡ್ತಿರಲಿಲ್ಲ ಅಲ್ವಾ ಎಂದು ಮತ್ತೆ ಮತ್ತೆ ಕೇಳಿದಳು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಆಪರೇಷನ್ ಎಂದು ಗೊತ್ತಾಯಿತು. ಮಾಡುವವರು ದೊಡ್ಡ ಸರ್ಜನ್. ಅವರಿಗೆ ಗಡಿಯಾರ ಎಂದು ಅಡ್ಡಹೆಸರು. ಏಳೂವರೆ ಎಂದರೆ ಅವರ ಕೈಯಲ್ಲಿ ಏಳೂವರೆಗೆ ಚಾಕು ಇರಬೇಕು. ಆಪರೇಷನ್ ಮುಂದಕ್ಕೆ ಹಾಕುವುದೆಂದರೆ ಅವರಿಗೆ ಹೆತ್ತ ಮಗುವನ್ನು ಬಸ್ ನಿಲ್ದಾಣದಲ್ಲಿ ಮರೆತು ಬಂದಷ್ಟು ನಾಚಿಕೆ. ಕೈ ಮಾತ್ರ ಬಂಗಾರದ ಕೈ. ಇದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆದರೂ ನನಗೆ ಭಯವಿತ್ತು, ಏಕೆಂದರೆ ಅಡುಗೆಮನೆಗೆ ಎಲ್ಲ ಸುದ್ದಿಯೂ ಬರುತ್ತದೆ. ಈ ನುಂಗಲಾಗದವರ ಆಪರೇಷನ್ ಚೆನ್ನಾಗಿಯೇ ಆಗುತ್ತದೆ. ಎರಡನೆಯ ದಿನವೋ ಮೂರನೆಯ ದಿನವೋ ಕೆಲವರಿಗೆ ಜ್ವರ ಏರುತ್ತದೆ, ಎದೆ ಗೊರಗೊರ ಎನ್ನುತ್ತದೆ, ಶ್ವಾಸಕೋಶ ಕೈಕೊಡುತ್ತದೆ. ಹನ್ನೊಂದು ವರ್ಷದಲ್ಲಿ ಇಪ್ಪತ್ತೇಳು ಜನಕ್ಕೆ ಆಪರೇಷನ್ ಆಗಿತ್ತು. ಎಂಟು ಜನಕ್ಕೆ ಹೀಗಾಯಿತು. ಅದರಲ್ಲಿ ಇಬ್ಬರು ಮನೆಗೆ ಹೋಗಲಿಲ್ಲ. ವರ್ಷಗಟ್ಟಲೆ ಹಸಿದ ಮೈ, ಎದೆಯಲ್ಲಿ ಶಕ್ತಿಯಿಲ್ಲ, ಏನು ಮಾಡುವುದು ಎಂದು ದೊಡ್ಡವರು ಹೇಳುತ್ತಿದ್ದರು. ನಲವತ್ತಮೂರು ಕೆಜಿಯ ನಾದಿನಿಯನ್ನು ಮನೆಯಲ್ಲಿಟ್ಟುಕೊಂಡು ಆ ಮಾತು ಕೇಳುವುದು ಸುಲಭವಲ್ಲ.

ಬುಧವಾರ ಪಟ್ಟಿ ಡಾಕ್ಟರು ಅಡುಗೆಮನೆಗೆ ಬಂದಳು. ಆ ಇಪ್ಪತ್ತೇಳು ಜನರ ಮೇಲೆಯೇ ಅವಳ ಸಂಶೋಧನೆ. ಯಾರು ಎಷ್ಟನೆಯ ದಿನ ಊಟ ಶುರುಮಾಡಿದರು ಎನ್ನುವುದು ವಾರ್ಡಿನ ಫೈಲುಗಳಲ್ಲಿ ಸರಿಯಾಗಿಲ್ಲ, ಹಳೆಯ ಚೀಟಿ ಇವೆಯಾ ಎಂದು ಕೇಳಿದಳು. ಇದ್ದವು. ಊಟ ಬರಲೇ ಇಲ್ಲ ಎಂದು ವಾರ್ಡಿನವರು, ಕಳಿಸಿದ್ದೇವೆ ಎಂದು ನಾವು, ಹೀಗೆ ಜಗಳ ಆಡಿ ಆಡಿ ನಾನು ಒಂದು ಪದ್ಧತಿ ಮಾಡಿದ್ದೆ. ಪ್ರತಿ ಟ್ರೇಯ ಚೀಟಿಯೂ ದಾರಕ್ಕೆ ಪೋಣಿಸಿ ಇಟ್ಟಿರಬೇಕು, ವಾಪಸ್ ಬಂದ ಟ್ರೇ ಆದರೆ ಯಾಕೆ ಬಂತು ಎಂದು ಹಿಂದೆ ಬರೆದಿರಬೇಕು. ಹನ್ನೆರಡು ವರ್ಷದ ದಾರಗಳು ಬಿಸ್ಕತ್ತಿನ ಡಬ್ಬಗಳಲ್ಲಿ ಕೂತಿದ್ದವು. ಅವಳು ಡಬ್ಬಗಳನ್ನು ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು, ಒಡವೆಯ ಅಂಗಡಿಯಲ್ಲೂ ನಾನು ಹಾಗೆ ನೋಡಿದವಳಲ್ಲ.

ಚೀಟಿ ಬಿಡಿಸುತ್ತ ಅವಳು ತನ್ನ ಕಷ್ಟ ಹೇಳಿಕೊಂಡಳು. ಎಂಟು ಜನಕ್ಕೆ ಮಾತ್ರ ಯಾಕೆ ಹಾಗಾಯಿತು ಎಂದು ಎಲ್ಲ ರೀತಿಯಲ್ಲೂ ನೋಡಿದ್ದಳು. ವಯಸ್ಸಲ್ಲ, ತೂಕವಲ್ಲ, ಸಿಗರೇಟಲ್ಲ. ಅತಿ ಸಣಕಲು ಮನುಷ್ಯ ಐದನೆಯ ದಿನ ನಗುತ್ತ ಮನೆಗೆ ಹೋಗಿದ್ದ. ಗಟ್ಟಿಮುಟ್ಟಾಗಿದ್ದ ಬಡಗಿಯೊಬ್ಬ ಹೋಗೇಬಿಟ್ಟಿದ್ದ.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ನಾದಿನಿ ಬಚ್ಚಲಲ್ಲಿ ಕೆಮ್ಮಿ ಕೆಮ್ಮಿ ಉಗುಳುತ್ತಿದ್ದಳು. ಅದು ಅವಳ ನಿತ್ಯದ ಪಾಡು. ಬೆನ್ನು ತಟ್ಟಲು ಹೋದವಳು ಬೋಗುಣಿಯಲ್ಲಿ ನೋಡಿದರೆ ಇಡಿಯಾದ ಹಸಿರು ಬಟಾಣಿ, ನಾಲ್ಕೈದು. ನಮ್ಮ ಮನೆಯಲ್ಲಿ ಬಟಾಣಿ ಬೇಯಿಸಿದ್ದು ಮಂಗಳವಾರ. ಅಂದು ಗುರುವಾರ. ಬುಧವಾರ ರಾತ್ರಿ ಅವಳು ಏನನ್ನೂ ತಿಂದಿರಲಿಲ್ಲ.

ನಾನು ಬೋಗುಣಿ ಹಿಡಿದು ನಿಂತೇ ಇದ್ದೆ. ಹೊಟ್ಟೆಗೆ ಇಳಿಯದ್ದು ಕರಗುವುದೂ ಇಲ್ಲ. ಈ ನಾಳ ಎರಡು ದಿನದ ಬಟಾಣಿ ಇಟ್ಟುಕೊಂಡು ಕೂತಿದೆ. ನಾವು ಆಪರೇಷನ್ನಿಗೆ ಹೋಗುವ ಎಲ್ಲರಿಗೂ ಏನು ಮಾಡುತ್ತೇವೆ? ಅಚ್ಚಾದ ಹಾಳೆ ಇದೆ: ಹಿಂದಿನ ಸಂಜೆ ಮೆತ್ತನೆಯ ಊಟ, ಮಧ್ಯರಾತ್ರಿಯಿಂದ ಏನೂ ಬೇಡ. ಊಟ ಇಳಿಯುವವರಿಗೆ ಅದು ಸರಿ. ಇಳಿಯದವರಿಗೆ? ಹಿಂದಿನ ಸಂಜೆಯ ಊಟವೆಲ್ಲ ಮೇಲೆಯೇ ನಿಂತಿರುತ್ತದೆ. ಅರಿವಳಿಕೆ ಕೊಟ್ಟು ಮಲಗಿಸಿದರೆ ಅದು ಗಂಟಲಿಗೆ ಬರುತ್ತದೆ, ಅಲ್ಲಿಂದ ಉಸಿರಿನ ದಾರಿ ಹಿಡಿಯುತ್ತದೆ. ಪ್ರಜ್ಞೆ ಇಲ್ಲದವರು ಕೆಮ್ಮುವುದೂ ಇಲ್ಲ.

ಆ ಸಂಜೆಯ ಟ್ರೇಗಳನ್ನೆಲ್ಲ ಕಳಿಸಿದವಳು ನಾನು. ಬಡಗಿಗೂ ನಾನೇ.

ಪಟ್ಟಿ ಡಾಕ್ಟರಿಗೆ ಹೇಳಿದೆ. ಅವಳು ಕುಣಿಯಲಿಲ್ಲ. ಹಾಗಿದ್ದರೆ ಇಪ್ಪತ್ತೇಳು ಜನಕ್ಕೂ ಆಗಬೇಕಿತ್ತಲ್ಲ, ಹತ್ತೊಂಬತ್ತು ಜನ ಹೇಗೆ ಪಾರಾದರು ಎಂದಳು. ನಾನು, ಅವರಲ್ಲಿ ಕೆಲವರ ಟ್ರೇ ಬೇರೆ ಇರಬಹುದು ಎಂದೆ. ಯಾಕೆಂದರೆ ಗಡಿಯಾರ ಎಷ್ಟೇ ಗಡಿಯಾರವಾದರೂ ಅಪಘಾತದ ಗಾಯಾಳು ಬಂದರೆ ಥಿಯೇಟರ್ ಬಿಟ್ಟುಕೊಡಲೇಬೇಕು. ಅಂಥ ದಿನ ಆಪರೇಷನ್ ಒಂದೆರಡು ದಿನ ಮುಂದಕ್ಕೆ ಹೋಗುತ್ತದೆ. ಯಾವ ಗಳಿಗೆಯಲ್ಲಿ ಕರೆ ಬರುತ್ತದೋ ಎಂದು ವಾರ್ಡಿನವರು ಅಲ್ಲಿಯವರೆಗೆ ರೋಗಿಗೆ ಬರೀ ಸೋಸಿದ ಸೂಪು, ಸಕ್ಕರೆ ನೀರು ಬರೆಯುತ್ತಾರೆ. ಆ ರೋಗಿಗಳು ನನಗೆ ಹಾಕಿದ ಶಾಪ ಅಷ್ಟಿಷ್ಟಲ್ಲ. ಆದರೆ ಮುಂದಕ್ಕೆ ಹೋದ ವಿಷಯ ಆಪರೇಷನ್ ಫೈಲಿನಲ್ಲಿ ಇರುವುದಿಲ್ಲ. ಆ ಪದವನ್ನು ಬರೆಯಲು ಸರ್ಜನ್ ಬಿಡುವುದಿಲ್ಲ. ಆಪರೇಷನ್ ಆದ ತಾರೀಕು ಒಂದೇ ಅಲ್ಲಿ.

ಶುಕ್ರವಾರ ಬೆಳಿಗ್ಗೆ ಅವಳು ಇಪ್ಪತ್ತೇಳು ಜನರ ಪಟ್ಟಿ ತಂದು ಮೇಜಿನ ಮೇಲೆ ಹರಡಿದಳು. ಯಾರಿಗೆ ಎದೆ ಕೆಟ್ಟಿತು ಎಂಬ ಕೊನೆಯ ಕಾಲಮ್ಮಿನ ಮೇಲೆ ಹಾಳೆ ಇಟ್ಟು ಮುಚ್ಚಿದಳು. ನನಗೆ ಗೊತ್ತಾದರೆ ಕಣ್ಣು ಬೇಕಾದ್ದನ್ನೇ ಓದುತ್ತದಂತೆ. ಒಪ್ಪತಕ್ಕ ಮಾತು, ಸೊಸೆ ಮಾಡಿದ ಅಡುಗೆ ಎಂದು ಮೊದಲೇ ಗೊತ್ತಾದರೆ ನಮ್ಮ ಅತ್ತೆಯ ನಾಲಗೆಯೂ ಹಾಗೆಯೇ. ನಾನು ಒಂದೊಂದೇ ಹಾಸಿಗೆಯ ಚೀಟಿ ಓದಿದೆ. ಆಪರೇಷನ್ನಿನ ಹಿಂದಿನ ಎರಡು ದಿನ ಬರೀ ನೀರಾಹಾರ ಹೋದವರ ಮುಂದೆ ಪೆನ್ಸಿಲಿನಿಂದ ಗುರುತು ಹಾಕಿದೆ. ಹತ್ತು ಗುರುತು ಬಂದವು. ಎಲ್ಲವೂ ಮುಂದಕ್ಕೆ ಹೋದವರವೇ.

ಅವಳು ಹಾಳೆ ತೆಗೆದಳು.

ನನ್ನ ಹತ್ತು ಗುರುತಿನ ಎದುರು ಒಂದೇ ಒಂದು ಎದೆಯ ಕಾಯಿಲೆ ಇರಲಿಲ್ಲ. ಎಂಟೂ ಆ ಕಡೆ, ಸಮಯಕ್ಕೆ ಸರಿಯಾಗಿ ಆಪರೇಷನ್ ಆದ ಹದಿನೇಳು ಜನರಲ್ಲಿ ಇದ್ದವು.

ಅವಳು ಬಹಳ ಹೊತ್ತು ಬೆರಳಿಟ್ಟು ಎಣಿಸಿದಳು. ಸಣ್ಣ ಸಂಖ್ಯೆ, ಆಕಸ್ಮಿಕವೂ ಇರಬಹುದು ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡಳು. ಆಮೇಲೆ ತಲೆ ಎತ್ತಿ, "ಸೌಟಕ್ಕ, ಈ ಚೀಟಿ ವಿಷ್ಯ ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ?" ಎಂದಳು.

"ಯಾರು ಕೇಳಿದ್ರು ಡಾಕ್ಟರೇ? ಅಡುಗೆಮನೆಗೆ ಬರೋರೆಲ್ಲ ಉಪ್ಪು ಕಡಿಮೆ ಅಂತ ಹೇಳೋಕೆ ಬರ್ತಾರೆ."

ಅಂದೇ ಮಧ್ಯಾಹ್ನ ನಾದಿನಿ ವಾರ್ಡಿಗೆ ಸೇರಿದಳು. ನನ್ನ ತಲೆಯಲ್ಲಿ ಒಂದು ಸುಲಭದ ದಾರಿ ಓಡುತ್ತಿತ್ತು. ಟ್ರೇ ನನ್ನ ಕೈಯಲ್ಲಿದೆ. ಶನಿವಾರದಿಂದ ಅವಳಿಗೆ ಊಟದ ಬದಲು ಸೂಪು ಕಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಗಡಿಯಾರದ ಜೊತೆ ಮಾತಿಗೆ ನಿಲ್ಲುವ ತೊಂದರೆಯಿಲ್ಲ, ನಮ್ಮ ಮನೆಯ ಹುಡುಗಿ ಉಳಿದರೆ ಸಾಕು. ಅವಳ ಹಾಸಿಗೆಯ ತುದಿಗೆ ಕೂತು ಗುಟ್ಟಾಗಿ ಹೇಳಿದೆ.

ಅವಳು ಕೇಳಿಸಿಕೊಂಡು, ಪಕ್ಕದ ಖಾಲಿ ಹಾಸಿಗೆಯ ಕಡೆ ನೋಡಿ, "ಅಲ್ಲ ಅತ್ತಿಗೆ, ಮುಂದಿನ ತಿಂಗಳು ಇಲ್ಲಿಗೆ ಬರೋರಿಗೆ ಯಾರು ಅತ್ತಿಗೆ?" ಎಂದಳು. ಸ್ವಲ್ಪ ಬಿಟ್ಟು, "ಟಿಕೆಟ್ ಇಲ್ದೆ ನನ್ನನ್ನ ಹತ್ತಿಸ್ಬೇಡಿ. ನನ್ನ ಕೆಲಸಕ್ಕೇ ಅವಮಾನ," ಎಂದಳು.

ಹಸಿದವಳಿಗೆ ಇಷ್ಟು ಬುದ್ಧಿ ಇರುವಾಗ ತಿಂದುಂಡ ನನಗೆ ಇರಬೇಡವೇ? ಎದ್ದೆ. ಪಟ್ಟಿ ಡಾಕ್ಟರನ್ನು ಕರೆದುಕೊಂಡು, ಎರಡು ಡಬ್ಬ ಕಂಕುಳಲ್ಲಿಟ್ಟುಕೊಂಡು ಸರ್ಜನ್ ಕೋಣೆಗೆ ಹೋದೆ.

ಅವರು ನಿಂತುಕೊಂಡೇ ಪಟ್ಟಿ ನೋಡಿದರು. ಮುಖ ಗಂಟಾಯಿತು. ಹನ್ನೊಂದು ವರ್ಷದ ಕೆಲಸ, ಒಂದು ಹೊಲಿಗೆಯೂ ತಪ್ಪಿದ್ದಿಲ್ಲ ಎಂದರು. ಅದು ನಿಜವೂ ಹೌದು.

"ನನ್ನ ಥಿಯೇಟರಿನ ತಪ್ಪು ನಿಮ್ಮ ಬಿಸ್ಕತ್ತಿನ ಡಬ್ಬದಲ್ಲಿತ್ತು ಅಂತೀರಾ?"

ಪಟ್ಟಿ ಡಾಕ್ಟರು ಬಾಯಿ ತೆರೆಯುವ ಮೊದಲೇ ನಾನು ಮಾತು ಹಿಡಿದೆ. ಮನೆಯಲ್ಲಿ ಗಂಡ, ಅತ್ತೆ, ನಾದಿನಿ ಎಲ್ಲರನ್ನೂ ಇಟ್ಟುಕೊಂಡು ಬಾಳಿದವಳಿಗೆ ಒಂದು ಗೊತ್ತಿರುತ್ತದೆ: ಎದುರಿನವರಿಂದ ತಪ್ಪು ಒಪ್ಪಿಸಬೇಕಾದರೆ ಮೊದಲು ನಮ್ಮ ಪಾಲನ್ನು ನಾವು ಎತ್ತಿಕೊಳ್ಳಬೇಕು.

"ಥಿಯೇಟರಿನ ತಪ್ಪಲ್ಲ ಸಾರ್. ಹಿಂದಿನ ಸಂಜೆ ಹೋದ ಟ್ರೇದು. ಅದನ್ನ ಕಳಿಸಿದ್ದು ನಾನು. ಬಡಗಿಗೆ ಮೆತ್ತಗಿರಲಿ ಅಂತ ಬ್ರೆಡ್ಡನ್ನ ಹಾಲಲ್ಲಿ ನೆನೆಸಿ ಕಳಿಸಿದ್ದೆ. ಚೀಟಿ ಇದೆ ನೋಡಿ."

ಅವರು ಚೀಟಿ ತೆಗೆದುಕೊಂಡರು. ತಿರುಗಿಸಿ ನೋಡಿದರು. ಬಡಗಿಯ ಹಾಸಿಗೆಯ ನಂಬರು ಅವರಿಗೆ ಬಾಯಿಪಾಠ ಇತ್ತು ಎಂದು ಅವರ ಮುಖ ನೋಡಿಯೇ ತಿಳಿಯಿತು. ಹಾಗೆ ಸುಮ್ಮನೆ ನಂಬಲಾರೆ ಎಂದರು. ಆದರೆ ದನಿ ಇಳಿದಿತ್ತು. ಪಟ್ಟಿ ಡಾಕ್ಟರು ಆಗ ಉಪಾಯ ಹೇಳಿದಳು: ಇವತ್ತು ಸಂಜೆ ರೋಗಿಗೆ ಅಚ್ಚಿನ ಹಾಳೆಯಲ್ಲಿರುವ ಹಾಗೆಯೇ ಊಟ ಕೊಡೋಣ, ಮಧ್ಯರಾತ್ರಿಯಿಂದ ಉಪವಾಸ ಇಡೋಣ, ಬೆಳಿಗ್ಗೆ ಏಳೂವರೆಗೆ ಎಕ್ಸ್‌ರೇ ತೆಗೆಯೋಣ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಡಾಕ್ಟರುಗಳಿಗೆ ಮಾತ್ರ ಬೇಕು, ಅದೂ ಒಳ್ಳೆಯದೇ.

ಶನಿವಾರ ಬೆಳಿಗ್ಗೆ ನಾದಿನಿ ಎಕ್ಸ್‌ರೇ ಯಂತ್ರದ ಮುಂದೆ ನೆಟ್ಟಗೆ ನಿಂತು ಎರಡು ಗುಟುಕು ಬಿಳಿ ದ್ರವ ಕುಡಿದಳು. ನಾವು ಗಾಜಿನ ಆಚೆ ನಿಂತಿದ್ದೆವು. ಪರದೆಯ ಮೇಲೆ ಬಿಳಿ ಗೆರೆ ಇಳಿಯಿತು, ಕುತ್ತಿಗೆಯ ಕೆಳಗೆ ನಾಲ್ಕು ಬೆರಳಷ್ಟು ಹೋಗಿ ನಿಂತಿತು. ಅದರ ಕೆಳಗೆ ಅಷ್ಟುದ್ದಕ್ಕೂ ಗಂಟುಗಂಟಾಗಿ ನಿನ್ನೆಯ ಊಟ ಕೂತಿತ್ತು. ಬಿಳಿ ದ್ರವ ಆ ಗಂಟುಗಳ ಸಂದಿಯಲ್ಲಿ ನಿಧಾನ ಹರಿಯಿತು.

ಸರ್ಜನ್ ಪರದೆಗೆ ಮುಖ ಹತ್ತಿರ ತಂದರು. ಸೋಮವಾರ ಈ ಗಳಿಗೆಗೆ ಇವಳನ್ನು ಮಲಗಿಸಿಯಾಗಿರುತ್ತಿತ್ತು ಎಂದು ಅವರು ಲೆಕ್ಕ ಹಾಕುತ್ತಿದ್ದರು ಎಂದು ನನಗೆ ಗೊತ್ತು, ಗೋಡೆಯ ಗಡಿಯಾರ ಆಗ ಏಳೂ ನಲವತ್ತು ತೋರಿಸುತ್ತಿತ್ತು.

"ಎಂಟು ಜನ," ಎಂದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಹಿರಿಯ ನರ್ಸಿನ ಕಡೆ ತಿರುಗಿ, "ಸೋಮವಾರ ಬೇಡ ಸಿಸ್ಟರ್. ಬುಧವಾರ. ಮೊದಲ ಸಲ, ಎರಡು ದಿನ ಹೆಚ್ಚೇ ಇರಲಿ. ಇವತ್ತಿಂದ ಇವರಿಗೆ ಏನು ಕೊಡಬೇಕು ಅನ್ನೋದನ್ನ ಸೌಟಕ್ಕ ಹೇಳ್ತಾರೆ, ನೀವು ಬರ್ಕೊಳ್ಳಿ," ಎಂದರು. ಇಪ್ಪತ್ತು ವರ್ಷ ಅವರ ಜೊತೆ ಕೆಲಸ ಮಾಡಿದ ಸಿಸ್ಟರ್ ಪೆನ್ನು ಹಿಡಿದು, ಯಾವ ಪದ ಬರೆಯಲಿ ಎಂದು ಕೇಳಿದಳು. "ಮುಂದಕ್ಕೆ ಹಾಕಿದೆ ಅಂತ ಬರೀರಿ. ಕಾರಣವನ್ನೂ ಬರೀರಿ."

ನಾಲ್ಕು ದಿನ ನಾದಿನಿಗೆ ಸೋಸಿದ ಸೂಪು, ಸಕ್ಕರೆ ನೀರು, ಹಣ್ಣಿನ ತಿಳಿ. ತಾಳಿದವನು ಬಾಳಿಯಾನು ಎಂದು ನಾನು ಹೇಳಿದರೆ, ಅದನ್ನ ಹೇಳಿದೋನು ಮೊದಲು ಊಟ ಮಾಡಿ ಕೈ ತೊಳ್ಕೊಂಡಿರ್ತಾನೆ ಎಂದು ಅವಳ ಉತ್ತರ. ಬುಧವಾರ ಬೆಳಿಗ್ಗೆ ಅರಿವಳಿಕೆ ಕೊಡುವ ಡಾಕ್ಟರು ಮೂಗಿನ ಮೂಲಕ ಸಣ್ಣ ನಳಿಕೆ ಇಳಿಸಿ ನಾಳದಲ್ಲಿ ಉಳಿದದ್ದನ್ನು ಎಳೆದರು. ಬಂದದ್ದು ತಿಳಿನೀರು, ಎರಡು ಚಮಚ. ನಾನು ಹೊರಗಿನ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತಿದ್ದೆ. ಸಿಸ್ಟರ್ ಬಾಗಿಲನ್ನು ಸ್ವಲ್ಪವೇ ತೆರೆದು ಆ ಸಣ್ಣ ಬಾಟಲಿಯನ್ನು ನನಗೆ ತೋರಿಸಿ ಒಳಗೆ ಹೋದಳು. ಅತ್ತೆ ಏನದು ಎಂದು ಕೇಳಿದರು. ಏನೂ ಇಲ್ಲ ಅತ್ತೆ, ಅದೇ ಸಂತೋಷ ಎಂದೆ.

ಎರಡು ಗಂಟೆಯಲ್ಲಿ ಆಪರೇಷನ್ ಮುಗಿಯಿತು. ಎರಡನೆಯ ದಿನ ಜ್ವರ ಬರಲಿಲ್ಲ. ಮೂರನೆಯ ದಿನ ನಾನು ಗಂಟೆಗೊಂದು ಸಲ ಏನಾದರೊಂದು ನೆಪ ಮಾಡಿಕೊಂಡು ಮೇಲೆ ಹೋಗುತ್ತಿದ್ದೆ. ಅಂದು ಮಧ್ಯಾಹ್ನ ಪಟ್ಟಿ ಡಾಕ್ಟರು ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಮೇಲಿಂದ ಕೆಳಗೆ, ಎಡಕ್ಕೆ ಬಲಕ್ಕೆ ಕೇಳಿದಳು. ಕೇಳಿದ ಮೇಲೆ ಅದನ್ನು ತೆಗೆದು ನನ್ನ ಕಿವಿಗೆ ಹಾಕಿದಳು. ಒಳಗೆ ಗಾಳಿ ಬಂದು ಹೋಗುತ್ತಿತ್ತು, ತೆರೆದ ಕಿಟಕಿಯಲ್ಲಿ ಪರದೆ ಆಡಿದ ಹಾಗೆ, ಯಾವ ಗೊರಗೊರವೂ ಇಲ್ಲದೆ.

ನಾಲ್ಕನೆಯ ದಿನ ಅತ್ತೆ ಮನೆಯಿಂದ ಏನನ್ನೋ ನುಣ್ಣಗೆ ಅರೆದು ಸಣ್ಣ ಬಟ್ಟಲಲ್ಲಿ ತಂದರು. ಆಸ್ಪತ್ರೆಯ ಊಟವೇ ಆಗಬೇಕೆಂಬ ನನ್ನ ನಿಯಮ ಅಂದು ಬಾಯಿ ಮುಚ್ಚಿಕೊಂಡಿತು. ನಾದಿನಿ ಒಂದು ಚಮಚ ಬಾಯಿಗಿಟ್ಟು ರೂಢಿಯ ಹಾಗೆ ಎದ್ದು ನಿಂತಳು, ಕುಪ್ಪಳಿಸಲು ಹಿಮ್ಮಡಿ ಎತ್ತಿದಳು. ಹಾಗೆಯೇ ನಿಂತುಬಿಟ್ಟಳು. ಹಿಮ್ಮಡಿ ನೆಲಕ್ಕೆ ಇಳಿಯಿತು.

"ಹೋಯ್ತು," ಎಂದಳು.

ಇನ್ನೊಂದು ಚಮಚ. ಅದೂ ಹೋಯಿತು. ಬಟ್ಟಲು ಬರಿದಾದ ಮೇಲೆ ತಾಯಿಯ ಮುಖ ನೋಡಿ, ಅಮ್ಮ, ಇದಕ್ಕೆ ಉಪ್ಪು ಕಡಿಮೆ ಎಂದಳು. ಅತ್ತೆ ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಮಾತಿಗೆ ಸಿಟ್ಟಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ನಾಳೆ ಸರಿ ಮಾಡ್ತೀನಿ ಎಂದರು.

ಆಮೇಲೆ ಎರಡು ವರ್ಷ ಕಳೆದವು. ಹೊಸ ಅಚ್ಚಿನ ಹಾಳೆ ಬಂತು. ಈ ಕಾಯಿಲೆಯವರಿಗೆ ಆಪರೇಷನ್ನಿಗೆ ಮೊದಲು ಎರಡು ದಿನ ನೀರಾಹಾರ ಮಾತ್ರ, ಬೆಳಿಗ್ಗೆ ನಳಿಕೆ ಇಳಿಸಿ ನೋಡದೆ ಅರಿವಳಿಕೆ ಇಲ್ಲ. ಅಕ್ಕಪಕ್ಕದ ಊರುಗಳಿಂದಲೂ ರೋಗಿಗಳು ಬರತೊಡಗಿದರು. ಹತ್ತೊಂಬತ್ತು ಆಪರೇಷನ್ ಆದವು. ಎದೆ ಕೆಟ್ಟವರು ಒಬ್ಬರೂ ಇಲ್ಲ. ಪಟ್ಟಿ ಡಾಕ್ಟರ ಸಂಶೋಧನೆಯನ್ನು ದೊಡ್ಡ ಸಭೆಯಲ್ಲಿ ಓದುವ ದಿನ ಸರ್ಜನ್ ತಾವೇ ಎದ್ದು, ಹಳೆಯ ಎಂಟು ಜನರ ಭಾಗವನ್ನು ನಾನು ಓದುತ್ತೇನೆ, ಅದು ನನ್ನದು ಎಂದರಂತೆ. ಬಡಗಿಯ ಮನೆಗೂ ಹೋಗಿ ಬಂದರು ಎಂದು ಆಮೇಲೆ ತಿಳಿಯಿತು. ಅಲ್ಲಿ ಏನು ಮಾತಾಯಿತೋ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಚ್ಚಾದ ಲೇಖನದಲ್ಲಿ ನನ್ನ ಚೀಟಿಗಳ ವಿಷಯ ಮೂರು ಸಾಲು ಇದೆ. ನನಗೆ ಆ ಭಾಷೆ ಓದಲು ಬರುವುದಿಲ್ಲ. ಸಾಲು ಎಣಿಸಲು ಬರುತ್ತದೆ.

ಇಪ್ಪತ್ತನೆಯವರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಒಬ್ಬ ಯಜಮಾನರು. ಎರಡು ದಿನ ಸಕ್ಕರೆ ನೀರು ಕೊಟ್ಟದ್ದಕ್ಕೆ ನನ್ನ ಮೇಲೆ ಎರಡು ಪುಟದ ದೂರು ಬರೆದರು. ಆಪರೇಷನ್ ಆದ ಮೇಲೂ ಅವರ ಸಿಟ್ಟು ಆರಲಿಲ್ಲ. ಆರನೆಯ ದಿನ ಮಧ್ಯಾಹ್ನ ಎರಡು ಮಹಡಿ ಮೆಟ್ಟಿಲಿಳಿದು ನೇರ ಅಡುಗೆಮನೆಗೆ ಬಂದು ನಿಂತು, ರೋಗಿಗೆ ಹಸಿವು ಇದೆ ಎನ್ನುವುದಾದರೂ ಈ ಮನೆಗೆ ಗೊತ್ತೇ ಎಂದು ಶುರುಮಾಡಿದರು. ಆ ಹೊತ್ತಿಗೆ ನಾದಿನಿ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದು ನನಗಾಗಿ ಕಾಯುತ್ತಿದ್ದಳು. ಈಗ ಐವತ್ತೆಂಟು ಕೆಜಿ, ಪ್ಯಾಂಟಿನ ಹೊಲಿಗೆ ಒಂದೊಂದಾಗಿ ಬಿಚ್ಚಿಯಾಗಿತ್ತು.

ನಾನು ಕೈಕಟ್ಟಿ ನಿಂತು ಕೇಳಿಸಿಕೊಂಡೆ. ಹತ್ತು ನಿಮಿಷ ಬೈದರು, ಒಂದು ಸಲವೂ ಕೆಮ್ಮಲಿಲ್ಲ, ಏದುಸಿರು ಬಿಡಲಿಲ್ಲ. ನಡುವೆ ನಾದಿನಿ ಮೆಲ್ಲಗೆ ಹಾಲಲ್ಲಿ ನೆನೆದ ಬ್ರೆಡ್ಡಿನ ತಟ್ಟೆಯೊಂದನ್ನು ಅವರ ಕೈಗಿಟ್ಟಳು. ಅವರು ಬೈಗುಳ ನಿಲ್ಲಿಸದೆಯೇ ಒಂದು ತುಂಡು ಬಾಯಿಗೆ ಹಾಕಿಕೊಂಡರು, ನುಂಗಿದರು, ಎಲ್ಲಿಗೆ ಬಿಟ್ಟಿದ್ದರೋ ಅಲ್ಲಿಂದಲೇ ಮುಂದುವರಿಸಿದರು. ನುಂಗಿದ್ದು ಅವರ ಗಮನಕ್ಕೇ ಬರಲಿಲ್ಲ.

ನಾದಿನಿ ನನ್ನ ಕೈ ಹಿಡಿದು ಒತ್ತಿದಳು. ಅವಳ ಗಮನಕ್ಕೆ ಬಂದಿತ್ತು.